ಮಾರ್ಚ್ ಇಪ್ಪತ್ತೈದರ ಸೊನ್ನೆ

“ಅಕ್ಕ, ಕೆಳಗಿಳೀರಿ. ಆ ಕೊಂಬೆ ನಿಮ್ಮ ಭಾರ ತಡೆಯಲ್ಲ,” ಎಂದೆ.

“ಭಾರದ ಮಾತು ನೀನಾಡಬೇಡ ಯಾನಾಕಿ. ಹೋದ ವಾರ ನನ್ನ ಕುರ್ಚಿ ಮುರಿದೋನು ನೀನು,” ಎಂದು ಬ್ಲಾಗಾ ಮೇಲಿನಿಂದಲೇ ಉತ್ತರ ಕೊಟ್ಟರು.

ಐವತ್ತೊಂಬತ್ತು ವರ್ಷದ ಹೆಂಗಸು, ಮಟಮಟ ಮಧ್ಯಾಹ್ನ, ಸ್ತಮಾತೊವೊ ಊರಿನ ಗುಡ್ಡದ ಮೇಲೆ, ಮೀನು ಹಿಡಿಯುವವರು ಕೂರುವಂಥ ಮಡಚುವ ಸ್ಟೂಲಿನ ಮೇಲೆ ಒಂದು ಕಾಲು, ಕಾಡು ಪ್ಲಮ್ ಮರದ ಕವಲಿನ ಮೇಲೆ ಇನ್ನೊಂದು ಕಾಲು ಇಟ್ಟು ನಿಂತಿದ್ದರು. ಕೆಳಗೆ ಸ್ಟೂಲು ಹಿಡಿದುಕೊಂಡು ನಾನು. ಹನ್ನೊಂದು ವರ್ಷದಿಂದ ಅವರ ಕಚೇರಿಯಲ್ಲಿ ಕಾರು ಓಡಿಸುವುದು, ನಕ್ಷೆ ಮಡಚುವುದು, ಕಾಫಿ ಕಾಯಿಸುವುದು ನನ್ನ ಕೆಲಸ. ಸ್ಟೂಲು ಹಿಡಿಯುವುದು ಆ ಪಟ್ಟಿಯಲ್ಲಿ ಇರಲಿಲ್ಲ.

ಬಲ್ಗೇರಿಯಾದ ಬುರ್ಗಾಸ್ ನಗರದ ನಮ್ಮ ಕಚೇರಿಯಲ್ಲಿ ಇರುವುದೇ ನಾವಿಬ್ಬರು. ಯಾರಾದರೂ ವಿದ್ಯುತ್ ಲೈನು ಎಳೆಯಬೇಕು, ಗ್ಯಾಸ್ ಪೈಪು ಹೂಳಬೇಕು ಅಂದರೆ ಅಲ್ಲಿನ ಹಕ್ಕಿ, ಬಾವಲಿ, ಆಮೆಗಳ ಲೆಕ್ಕ ಹಿಡಿದು ಸರ್ಕಾರಕ್ಕೆ ವರದಿ ಕೊಡುವುದು ನಮ್ಮ ಉದ್ಯೋಗ. ವರದಿಯ ಕೊನೆಯಲ್ಲಿ ಬ್ಲಾಗಾ ಸಹಿ ಇದ್ದರೆ ಅನುಮತಿ ಕೊಡುವವರು ಎರಡನೇ ಸಲ ಓದುತ್ತಿರಲಿಲ್ಲ. ಅಷ್ಟು ನಂಬಿಕೆ.

ಆ ನಂಬಿಕೆಗೇ ಈಗ ಕಲ್ಲು ಬಿದ್ದಿತ್ತು. ಗಾಳಿಯಂತ್ರಗಳಿಂದ ಸಬ್‌ಸ್ಟೇಷನ್‌ವರೆಗಿನ ಹನ್ನೊಂದು ಕಿಲೋಮೀಟರ್ ಲೈನಿನ ವರದಿಯಲ್ಲಿ ಒಂದು ದಿನದ ಕೊಕ್ಕರೆ ಲೆಕ್ಕವನ್ನು ಯಾರೋ ನುಂಗಿದ್ದರು. ಎಪ್ಪತ್ತೆರಡು ದಿನದ ಕಾವಲಿನ ಹಾಳೆಗಳಲ್ಲಿ ಎಪ್ಪತ್ತೊಂದು ಪೆನ್ಸಿಲ್ಲಿನಲ್ಲಿದ್ದವು. ಮಾರ್ಚ್ ಇಪ್ಪತ್ತೈದರದ್ದು ಮಾತ್ರ ನೀಲಿ ಪೆನ್ನಿನಲ್ಲಿ, ಎಲ್ಲ ಕಾಲಮ್ಮಿನಲ್ಲೂ ಸೊನ್ನೆ. ಅಷ್ಟರಲ್ಲಿ ಹೆಸರು ಹಾಕದ ಒಬ್ಬ ಪುಣ್ಯಾತ್ಮ ಜಿಲ್ಲಾ ಕಚೇರಿಗೆ ಒಂದು ಫೋಟೊ ಕಳಿಸಿದ್ದ: ಲೈನು ಹಾಯುವ ಹುಲ್ಲುಗಾವಲಿನ ತುಂಬ ಬಿಳಿ ಕೊಕ್ಕರೆಗಳು, ಕಾಲಿಡಲು ಜಾಗವಿಲ್ಲ. ಫೋಟೊದಲ್ಲಿ ದಿನಾಂಕ ಮಾತ್ರ ಇರಲಿಲ್ಲ.

ಒಂದೇ ದಿನ ಐನೂರಕ್ಕಿಂತ ಹೆಚ್ಚು ಕೊಕ್ಕರೆ ಅಲ್ಲಿ ಇಳಿದದ್ದು ಖಚಿತವಾದರೆ ಹುಲ್ಲುಗಾವಲಿನ ಮೇಲೆ ಹಾಯುವ ಮೂರು ಕಿಲೋಮೀಟರ್ ತಂತಿ ನೆಲದಡಿಯಲ್ಲಿ ಹೋಗಬೇಕು ಎಂಬುದು ಈ ಯೋಜನೆಗೆ ಹಾಕಿದ ಷರತ್ತು. ಗುರುವಾರ ವಿಚಾರಣೆ. ಸೊನ್ನೆ ಇಟ್ಟವರು ಯಾರೆಂದು ಅಷ್ಟರಲ್ಲಿ ತೋರಿಸದಿದ್ದರೆ ಪರಿಣತರ ಪಟ್ಟಿಯಿಂದ ಬ್ಲಾಗಾ ಹೆಸರನ್ನೇ ಹೊಡೆದುಹಾಕುತ್ತಾರೆ. ಇವತ್ತು ಮಂಗಳವಾರ. ಇಂಥ ಹೊತ್ತಿನಲ್ಲಿ ಈಕೆ ಮರ ಹತ್ತಿದ್ದರು.

“ಬಾ ಇಲ್ಲಿ, ನೋಡು,” ಎಂದರು.

ನೋಡಿದೆ. ಎಳೆಕಾಯಿ ಹಿಡಿದಿದ್ದ ಕೊಂಬೆಗೆ ಒಂದು ದಾರ ಸುತ್ತಿತ್ತು. ಕೆಂಪು ಬಿಸಿಲಿಗೆ ಗುಲಾಬಿಯಾಗಿತ್ತು, ಬಿಳಿ ಮಾಸಿತ್ತು. ಮಾರ್ಚ್ ಒಂದರಂದು ನಾವೆಲ್ಲ ಮಣಿಕಟ್ಟಿಗೆ ಕಟ್ಟಿಕೊಳ್ಳುವ ಮಾರ್ತೆನಿತ್ಸಾ ದಾರ. ತುದಿಯಲ್ಲಿ ದೃಷ್ಟಿ ತಗಲದಿರಲೆಂದು ಪೋಣಿಸಿದ ನೀಲಿ ಮಣಿ, ಪಕ್ಕದಲ್ಲಿ ಕಿರುಬೆರಳಿನ ಉಗುರಿನಷ್ಟು ಬಸವನಹುಳದ ಚಿಪ್ಪು.

“ಇದು ಈ ಊರಿನ ಕುನಾ ಮಾಡಿದ್ದು,” ಎಂದೆ. “ಚಿಪ್ಪು ಹಾಕೋದು ಅವಳೊಬ್ಬಳೇ. ನನಗೂ ಒಂದು ಕಟ್ಟಿದ್ದಳು.”

“ನಿಂದೆಲ್ಲಿ?”

“ಕಚೇರಿ ಹಿಂದಿನ ಅಂಜೂರದ ಮರಕ್ಕೆ ಕಟ್ಟಿದೀನಿ.”

“ಹಾಗಾದ್ರೆ ಇದು ಅವಳ ಮಗಂದು,” ಎಂದು ಬ್ಲಾಗಾ ಕೆಳಗಿಳಿದರು. ದಾರವನ್ನು ಮುಟ್ಟಲಿಲ್ಲ. ಮುಖದಲ್ಲಿ ಮಾತ್ರ ಹಬ್ಬದ ಕಳೆ ಬಂದಿತ್ತು.

ಕುನಾಳ ಮಗ ಮೊಮ್ಚಿಲ್. ಎಪ್ಪತ್ತೆರಡು ದಿನವೂ ಈ ಮರದ ಬುಡದಲ್ಲಿ ದೂರದರ್ಶಕ ನೆಟ್ಟುಕೊಂಡು ಹಕ್ಕಿ ಎಣಿಸಿದವನು. ಕಾಲೇಜಿನಲ್ಲಿದ್ದಾಗಿನಿಂದ ಬ್ಲಾಗಾ ಅವನಿಗೆ ಕೈಹಿಡಿದು ಕೆಲಸ ಕಲಿಸಿದ್ದರು. ಆದರೆ ಇಪ್ಪತ್ತೈದರ ಬಗ್ಗೆ ಕೇಳಿದಾಗ ಅವನು ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ “ನೆನಪಿಲ್ಲ, ಹಾಳೇಲಿ ಏನಿದ್ಯೋ ಅದೇ” ಎಂದಿದ್ದ. ಆಮೇಲೆ ಒಂಬತ್ತು ದಿನದಿಂದ ಫೋನು ಎತ್ತಿರಲಿಲ್ಲ.

ನಾನು ಬಾಯಿ ತೆರೆಯುವಷ್ಟರಲ್ಲಿ ಗುಡ್ಡದ ಕೆಳಗಿನಿಂದ ಜೀಪಿನ ಸದ್ದು ಬಂತು.

“ಸ್ಪಾಸ್,” ಎಂದರು ಬ್ಲಾಗಾ. ಸ್ಟೂಲನ್ನು ಸರಕ್ಕನೆ ದಾರವಿದ್ದ ಕೊಂಬೆಯ ಕೆಳಗೆ ಎಳೆದುಕೊಂಡು ಕೂತರು. ತಲೆಯ ಮೇಲಿನ ದೊಡ್ಡ ಹುಲ್ಲಿನ ಟೋಪಿಗೆ ಕೊಂಬೆ ಪೂರ್ತಿ ಮರೆಯಾಯಿತು.

ಸ್ಪಾಸ್ ಬಕರ್ಜೀವ್ ಗಾಳಿಯಂತ್ರದ ಕಂಪನಿಯ ಯೋಜನಾ ಮ್ಯಾನೇಜರ್. ನಗುಮುಖದ ಮನುಷ್ಯ. ಯಾವತ್ತೂ ಬರಿಗೈಯಲ್ಲಿ ಬಂದವನಲ್ಲ. ಇವತ್ತು ಬಟ್ಟೆ ಮುಚ್ಚಿದ ತಟ್ಟೆ ಹಿಡಿದುಕೊಂಡು ಇಳಿದ.

“ಏನ್ ಮೇಡಂ, ಪಿಕ್‌ನಿಕ್ಕಾ? ನನ್ನನ್ನ ಕರೀದೇನೇ?”

“ಕರೀದಿದ್ರೂ ಬಂದ್ಯಲ್ಲ. ತಟ್ಟೇಲೇನಿದೆ?”

“ಬಾನಿತ್ಸಾ. ಹೆಂಡ್ತಿ ಬೆಳಿಗ್ಗೆ ಮಾಡಿದ್ದು. ಒಳಗಿರೋ ಚೀಸು ಅವಳ ತವರಿಂದು.”

ಬ್ಲಾಗಾ ಎರಡು ತುಂಡು ತಿಂದರು. ನಾನು ಮೂರು ತಿಂದೆ. ತಿನ್ನುವ ವಿಷಯದಲ್ಲಿ ನಮ್ಮ ಕಚೇರಿ ಶತ್ರು ಮಿತ್ರ ಎಂದು ಭೇದ ಮಾಡುವುದಿಲ್ಲ.

“ಗುರುವಾರ ಒಂದು ಗಂಟೆ ಕೆಲಸ ಮೇಡಂ,” ಎಂದು ಸ್ಪಾಸ್ ಹುಲ್ಲಿನ ಮೇಲೆ ಕುಕ್ಕರಗಾಲಿನಲ್ಲಿ ಕೂತ. “ಆ ಫೋಟೊಗೂ ಈ ವರ್ಷಕ್ಕೂ ಸಂಬಂಧ ಇಲ್ಲ ಅಂತ ಒಂದು ಸಾಲು ಬರೆದುಕೊಡಿ. ಸಂಜೆ ಎಲ್ಲಾ ಸೇರಿ ಕುರಿ ಸುಡೋಣ. ಅದು ಹಳೇ ಫೋಟೊ. ನಾಲ್ಕು ವರ್ಷದ ಹಿಂದಿಂದು.”

“ಮೂರೂ ಅಲ್ಲ, ಐದೂ ಅಲ್ಲ, ಕರೆಕ್ಟಾಗಿ ನಾಲ್ಕು,” ಎಂದರು ಬ್ಲಾಗಾ. “ನಿಂಗೆ ಹೇಗೆ ಗೊತ್ತಾಯ್ತಪ್ಪ?”

“ಊರವರು ಮಾತಾಡ್ಕೋತಿದ್ರು.”

“ಊರವರು ಅಂದ್ರೆ?”

“ಅಂದ್ರೆ... ಊರವರು.” ಸ್ಪಾಸನ ಕೈ ತಾನಾಗಿ ಕಾಲರಿಗೆ ಹೋಯಿತು.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂದು ನನಗೆ ಒಳಗೊಳಗೇ ಖುಷಿಯಾಯಿತು. ಈ ನಗುಮುಖವನ್ನು ಕಂಡರೆ ನನಗೆ ಮೊದಲಿನಿಂದಲೂ ಅಷ್ಟಕ್ಕಷ್ಟೇ. ಮೇ ತಿಂಗಳಲ್ಲಿ “ನಿಮಗೆ ಸಹಾಯ ಆಗ್ಲಿ” ಎಂದು ನಮ್ಮ ಕಚೇರಿಗೆ ಒಂದು ವಾರ ಟೈಪಿಸ್ಟ್ ಹುಡುಗಿಯನ್ನು ಕಳಿಸಿದವನು ಇವನೇ. ಹಾಳೆಗಳಿದ್ದ ಹಸಿರು ಡಬ್ಬ ಆ ವಾರವಿಡೀ ಅವಳ ಮೇಜಿನ ಮೇಲಿತ್ತು.

ಬ್ಲಾಗಾ ಮಾತ್ರ ಬೆರಳಿಗಂಟಿದ ಚೀಸು ಒರೆಸಿಕೊಂಡು ಕೇಳಿದರು, “ಸ್ಪಾಸ್, ನಿನ್ನ ನಂಬರ್ ಬರೆದುಕೊಡು. ನನ್ನ ಫೋನು ಇರೋ ನಂಬರನ್ನೆಲ್ಲ ನುಂಗಿಬಿಟ್ಟಿದೆ. ಆಫೀಸಿಂದೂ ಬರಿ.”

ಅವನು ಜೇಬಿನಿಂದ ಪೆನ್ನು ತೆಗೆದು ಎರಡು ನಂಬರ್ ಬರೆದುಕೊಟ್ಟ. ನೀಲಿ ಪೆನ್ನು. ಸಿಕ್ಕಿಬಿದ್ದ ಎಂದುಕೊಂಡೆ. ಆಮೇಲೆ ಬಲ್ಗೇರಿಯಾದಲ್ಲಿ ಮುಕ್ಕಾಲು ಪಾಲು ಜನ ನೀಲಿ ಪೆನ್ನಿನಲ್ಲೇ ಬರೆಯುತ್ತಾರೆ ಎಂಬುದು ನೆನಪಾಯಿತು.

ಜೀಪು ಗುಡ್ಡ ಇಳಿದ ಮೇಲೆ ಬ್ಲಾಗಾ ಆ ಚೀಟಿಯನ್ನು ಮಂಡಿಯ ಮೇಲೆ ಹರವಿದರು. ಫೋನಿನಲ್ಲಿ ಇಪ್ಪತ್ತೈದರ ಹಾಳೆಯ ಚಿತ್ರ ತೆಗೆದು ಪಕ್ಕದಲ್ಲಿ ಹಿಡಿದರು.

“ಐದು ಸೊನ್ನೆ ಬರೆದಿದಾನೆ, ಪಾಪ. ನೋಡು. ಹಾಳೆ ಮೇಲಿರೋ ಪ್ರತಿ ಸೊನ್ನೆಗೂ ನೆತ್ತಿ ಮೇಲೆ ಒಂಚೂರು ಬಾಯಿ ಬಿಟ್ಟಿದೆ. ಬರೆದೋರಿಗೆ ಸುತ್ತು ಮುಗಿಸೋ ಅಭ್ಯಾಸ ಇಲ್ಲ. ಇವನ ಸೊನ್ನೆ ಕೋಳಿಮೊಟ್ಟೆ.”

“ಆ ಟೈಪಿಸ್ಟ್ ಹುಡುಗಿ?”

“ಅವಳದ್ದು ಹೋದ ವಾರಾನೇ ನೋಡ್ದೆ, ನಮ್ಮ ಅಂಚೆ ಪುಸ್ತಕದಲ್ಲಿ. ಅದೂ ಮೊಟ್ಟೆ.”

“ಹಾಗಾದ್ರೆ ಸ್ಪಾಸ್ ಅಲ್ವಾ?”

“ಬರೆದ ಕೈ ಅವನದಲ್ಲ. ಬರೆಸಿದ ಬಾಯಿ ಯಾರದೋ ಇನ್ನೂ ಗೊತ್ತಿಲ್ಲ,” ಎಂದು ಎದ್ದರು. “ಟ್ಯಾಬ್ ಕೊಡು. ಮೊಮ್ಚಿಲ್‌ನ ದಿಕ್ಕಿನ ಫೋಟೊಗಳು ಬೇಕು.”

ಪ್ರತಿ ಬೆಳಿಗ್ಗೆ ಒಂಬತ್ತಕ್ಕೆ, ಎಣಿಕೆ ಶುರು ಮಾಡುವ ಮುನ್ನ, ಕಾವಲಿನವನು ನಾಲ್ಕು ದಿಕ್ಕಿಗೂ ಒಂದೊಂದು ಫೋಟೊ ತೆಗೆಯಬೇಕು. ಮಂಜಿತ್ತೋ ಬಿಸಿಲಿತ್ತೋ, ಎಷ್ಟು ದೂರ ಕಾಣುತ್ತಿತ್ತೋ ಎಂಬುದಕ್ಕೆ ಅದೇ ದಾಖಲೆ. ಯಾರೂ ಅವನ್ನು ತೆರೆದು ನೋಡುವುದಿಲ್ಲ. ನಾನಂತೂ ನೋಡಿರಲಿಲ್ಲ.

ಪೂರ್ವ ದಿಕ್ಕಿನ ಎಲ್ಲ ಫೋಟೊಗಳ ಮೂಲೆಯಲ್ಲೂ ಈ ಪ್ಲಮ್ ಕೊಂಬೆ ಇಣುಕುತ್ತಿತ್ತು. ಬ್ಲಾಗಾ ಒಂದೊಂದಾಗಿ ಸರಿಸಿದರು. ಮಾರ್ಚ್ ಹತ್ತು, ಬರಿ ಕೊಂಬೆ. ಹದಿನಾಲ್ಕು, ಮೈತುಂಬ ಬಿಳಿ ಹೂ. ಇಪ್ಪತ್ತೊಂದು, ಹೂವೇ. ಇಪ್ಪತ್ತೈದು, ಹೂ ಉದುರಿ ಅಲ್ಲಲ್ಲಿ ಹಸಿರು ಎಲೆ. ದಾರವಿಲ್ಲ.

ಇಪ್ಪತ್ತಾರು. ಕೊಂಬೆಯ ಮೇಲೆ ಕೆಂಪು-ಬಿಳಿ ದಾರ, ಹೊಚ್ಚ ಹೊಸತು.

ಕೊಕ್ಕರೆ ಕಣ್ಣಿಗೆ ಬೀಳುವ ತನಕ ದಾರ ಬಿಚ್ಚುವ ಹಾಗಿಲ್ಲ, ಕಂಡ ದಿನ ಬಿಚ್ಚಿ ಹಣ್ಣಿನ ಮರಕ್ಕೆ ಕಟ್ಟಬೇಕು. ಇದನ್ನು ನಮ್ಮಲ್ಲಿ ಮಕ್ಕಳಿಗೂ ಹೇಳಿಕೊಡಬೇಕಾಗಿಲ್ಲ.

“ಇಪ್ಪತ್ತೈದಕ್ಕೆ ನಾವೆಲ್ಲಿದ್ವಿ ಯಾನಾಕಿ?”

“ಕಚೇರೀಲಿ ಮೀನು ಹುರೀತಿದ್ವಿ. ನಿಮ್ಮ ಹೆಸರಿನವರ ಹಬ್ಬ, ಮೀನು ತಿನ್ನೋ ದಿನ. ನಾನು ಹುರಿದೆ, ನೀವು ತಿಂದ್ರಿ.”

“ನಾವು ಮೀನು ತಿಂತಿದ್ದಾಗ ಇವನು ಇಲ್ಲಿ ಕೊಕ್ಕರೆ ನೋಡ್ತಿದ್ದ,” ಎಂದು ಬ್ಲಾಗಾ ಟ್ಯಾಬ್ ಮುಚ್ಚಿದರು. “ನಡಿ ಕುನಾ ಮನೆಗೆ. ಹೇಗೂ ಊಟದ ಹೊತ್ತು.”

“ಈಗಷ್ಟೇ ಬಾನಿತ್ಸಾ ತಿಂದ್ರಿ.”

“ಅದು ತನಿಖೆ. ಊಟ ಬೇರೆ.”

ಕುನಾಳ ಅಂಗಳದಲ್ಲಿ ಚೆರ್ರಿ ಮರದ ಕೆಳಗೆ ಮೊಮ್ಚಿಲ್ ದೂರದರ್ಶಕದ ಕಾಲಿಗೆ ಸ್ಕ್ರೂ ಬಿಗಿಯುತ್ತಿದ್ದ. ನಮ್ಮನ್ನು ಕಂಡು ಎದ್ದುನಿಂತ. ಬೇಲಿ ಹಾರಬೇಕೋ ನಮಸ್ಕಾರ ಹೇಳಬೇಕೋ ತಿಳಿಯದೆ ಸ್ಕ್ರೂ ಕೈಯಲ್ಲೇ ಹಿಡಿದುಕೊಂಡ. ಮೂವತ್ತಮೂರು ವರ್ಷದ ಗಂಡಸು, ಕಿವಿ ಮಾತ್ರ ಶಾಲೆ ಹುಡುಗನ ಹಾಗೆ ಕೆಂಪಾಯಿತು.

“ಬಾರೇ ಬ್ಲಾಗಾ,” ಎಂದು ಕುನಾ ಅಡುಗೆಮನೆಯ ಬಾಗಿಲಿನಿಂದ ಕೂಗಿದಳು. “ಸೌತೆಕಾಯಿ ಹಾಕಿ ತಣ್ಣಗೆ ಮೊಸರಿನ ಸಾರು ಮಾಡಿದೀನಿ. ಈ ನಿನ್ನ ಶಿಷ್ಯನಿಗೆ ಒಂದಿಷ್ಟು ಬುದ್ಧಿ ಹೇಳು. ವಾರದಿಂದ ಊಟಾನೂ ಇಲ್ಲ, ಮಾತೂ ಇಲ್ಲ.”

“ಅದಕ್ಕೇ ಬಂದಿದೀನಿ. ಕೂತ್ಕೋ ಮೊಮ್ಚಿಲ್.”

ಅವನು ಕೂತ. ಬ್ಲಾಗಾ ಎದುರಿಗೆ ಕೂತು ಸಾರಿನ ಬಟ್ಟಲು ಎಳೆದುಕೊಂಡರು. ನಾನು ಕಾಗದ, ಪೆನ್ನು ತೆಗೆದೆ. ಹೇಳಿಕೆಗಳನ್ನು ಬರೆಯುವವನು ನಾನು, ಅಕ್ಷರ ದುಂಡಗಿದೆ ಎಂಬ ಕಾರಣಕ್ಕೆ.

“ಮಾರ್ಚ್ ದಾರ ಯಾವತ್ತು ಬಿಚ್ಚಿದೆ?”

ಕೊಕ್ಕರೆಯ ಪ್ರಶ್ನೆಗೆ ಸಿದ್ಧನಾಗಿ ಕೂತಿದ್ದವನು ತಬ್ಬಿಬ್ಬಾದ. “ದಾರಾನಾ ದೊಡ್ಡಮ್ಮ?”

“ಹೂಂ. ನಿಮ್ಮಮ್ಮ ಕಟ್ಟಿದ್ದು.”

“ನೆನಪಿಲ್ಲ. ಗುಡ್ಡದ ಮೇಲಿನ ಮರ ಹೂ ಬಿಟ್ಟಾಗ ಬಿಚ್ಚಿರ್ತೀನಿ. ಹೂ ಬಿ‌ಟ್ಟ ಮರ ಕಂಡ್ರೂ ಬಿಚ್ಬಹುದಲ್ಲ.”

“ಹೂ ಬಿಟ್ಟಿದ್ದು ಹದಿನಾಲ್ಕಕ್ಕೆ. ನೀನೇ ತೆಗೆದ ಫೋಟೊ. ದಾರ ಬಂದಿದ್ದು ಇಪ್ಪತ್ತೈದು ಕಳೆದು ಇಪ್ಪತ್ತಾರರ ಬೆಳಿಗ್ಗೆಗೆ.”

ಮೊಮ್ಚಿಲ್ ಸ್ಕ್ರೂವನ್ನು ಬೆರಳಲ್ಲಿ ತಿರುಗಿಸಿದ. “ಹಾಗಾದ್ರೆ ಕವಲುತೋಕೆ ಹಕ್ಕಿ ನೋಡಿರ್ತೀನಿ. ಕೆಲವರು ಅದನ್ನ ಕಂಡೂ ಬಿಚ್ತಾರೆ.”

“ಕವಲುತೋಕೆ ಇಪ್ಪತ್ತೊಂದಕ್ಕೇ ಬಂದಿದ್ವು. ಆರು. ನಿನ್ನ ಪೆನ್ಸಿಲ್ ಹೇಳುತ್ತೆ.”

“ಏನು ಅಂತ ಮಾತಾಡ್ತೀಯೋ ನೀನು?” ಕುನಾ ರೊಟ್ಟಿ ತಂದವಳು ಅಲ್ಲೇ ನಿಂತಳು. ಅವಳಿಗೆ ನಾವು ಬಂದ ಕಾರಣವೇ ಗೊತ್ತಿರಲಿಲ್ಲ. “ನಮ್ಮ ಮನೇಲಿ ಹೂವೂ ಲೆಕ್ಕಕ್ಕಿಲ್ಲ, ಕವಲುತೋಕೇನೂ ಲೆಕ್ಕಕ್ಕಿಲ್ಲ. ಕೊಕ್ಕರೆ ಅಂದ್ರೆ ಕೊಕ್ಕರೆ. ಇವರಪ್ಪ ಒಂದು ವರ್ಷ ಕೊಕ್ಕರೆ ಕಾಣ್ದೆ ಮೇ ತಿಂಗಳವರೆಗೂ ದಾರ ಕಟ್ಕೊಂಡೇ ತಿರುಗಿದ. ಬಸ್ಸಲ್ಲೆಲ್ಲ ಜನ ನಗೋರು.”

“ಅಮ್ಮಾ, ನೀನು ಒಳಗೆ ಹೋಗು.”

“ಯಾಕೆ ಹೋಗ್ಲಿ? ಈ ವರ್ಷ ಏನು ನೋಡಿದೆ ಅಂತ ನೀನು ನಂಗೆ ಹೇಳೇ ಇಲ್ಲ. ಹಾರೋದು ನೋಡಿದ್ಯೋ, ನಿಂತಿದ್ದು ನೋಡಿದ್ಯೋ? ನಿಂತಿದ್ದನ್ನ ನೋಡಿದ್ರೆ ವರ್ಷಪೂರ್ತಿ ಸೋಮಾರಿ. ಈಗಿನ ನಿನ್ನ ಅವತಾರ ನೋಡಿದ್ರೆ ನಿಂತಿದ್ದನ್ನೇ ನೋಡಿರ್ಬೇಕು.”

“ನಿಂತಿರ್ಲಿಲ್ಲಮ್ಮ,” ಎಂದ ಮೊಮ್ಚಿಲ್ ಪಟ್ಟನೆ. “ಹಾರ್ಕೊಂಡೇ ಬಂದ್ವು, ಆಮೇಲೆ ಇಳಿದ್ವು.”

ಹೇಳಿದ ಮೇಲೆ ತಾನೇನು ಹೇಳಿದೆನೆಂದು ಅವನಿಗೆ ಗೊತ್ತಾಯಿತು. ಸ್ಕ್ರೂ ಕೈಜಾರಿ ಮೇಜಿನ ಕೆಳಗೆ ಉರುಳಿತು. ಅಮ್ಮನ ಎದುರು ಸೋಮಾರಿ ಅನ್ನಿಸಿಕೊಳ್ಳುವುದನ್ನು ನಮ್ಮಲ್ಲಿ ಯಾವ ಗಂಡುಮಗನೂ ಸಹಿಸಲಾರ. ಪೊಲೀಸರಿಗೆ ಹೆದರದವನೂ ಅಲ್ಲಿ ಸೋಲುತ್ತಾನೆ.

ಬ್ಲಾಗಾ ಚಮಚ ಕೆಳಗಿಟ್ಟರು. “ಎಷ್ಟು?” ಎಂದರು, ತೀರಾ ಮೆಲ್ಲಗೆ.

ಅವನು ಅಮ್ಮನ ಕಡೆ ನೋಡಿದ.

“ಮೊಮ್ಚಿಲ್, ಯಾರನ್ನು ಬೇಕಾದ್ರೂ ಕಾಪಾಡ್ಕೋ. ನಾನು ಕೇಳ್ತಿರೋದು ಹಕ್ಕಿ ಲೆಕ್ಕ. ಎಷ್ಟು?”

“ಎರಡು ಸಾವಿರದ ಮುನ್ನೂರ ಹದಿನಾರು,” ಎಂದ. ಹೇಳುವಾಗ ಅವನ ಬೆನ್ನು ನೆಟ್ಟಗಾಯಿತು. “ಮೂರು ಸಲ ಎಣಿಸಿದೆ ದೊಡ್ಡಮ್ಮ. ಮಧ್ಯಾಹ್ನ ಗಾಳಿ ನಿಂತುಹೋಯ್ತು. ಸಮುದ್ರದ ಕಡೆಯಿಂದ ಸುತ್ತುತ್ತಾ ಸುತ್ತುತ್ತಾ ಬಂದು ಪೂರ್ತಿ ಹುಲ್ಲುಗಾವಲಲ್ಲಿ ಕೂತ್ಬಿಟ್ವು. ಸದ್ದೇ ಇಲ್ಲ. ಅಷ್ಟು ಹಕ್ಕಿ, ಒಂದು ಚೂರು ಸದ್ದಿಲ್ಲ. ನಾನು ಅತ್ತುಬಿಟ್ಟೆ.”

ಕುನಾ ಶಿಲುಬೆಯ ಗುರುತು ಮಾಡಿಕೊಂಡಳು. ಬ್ಲಾಗಾ ಕಣ್ಣೊರೆಸಿಕೊಂಡು ನಕ್ಕರು. ನನಗೂ ಸಂತೋಷವಾಯಿತು. ಐನೂರು ಸಾಕಿತ್ತು, ಎರಡು ಸಾವಿರ ಸಿಕ್ಕಿತ್ತು. ತಂತಿ ನೆಲದಡಿಗೆ ಹೋಗುವುದು ಖಂಡಿತ. ಬ್ಲಾಗಾರ ಹೆಸರು ಉಳಿಯುವುದಕ್ಕೆ ಇನ್ನು ಬೇಕಿದ್ದದ್ದು ಒಂದೇ ಒಂದು ಉತ್ತರ.

“ಬರ್ಕೋ ಯಾನಾಕಿ,” ಎಂದರು. “ಮಾರ್ಚ್ ಇಪ್ಪತ್ತೈದು. ಬಿಳಿ ಕೊಕ್ಕರೆ, ಎರಡು ಸಾವಿರದ ಮುನ್ನೂರ ಹದಿನಾರು. ಹಾಳೇಲಿ ಬರೆದ್ಯೇನೋ?”

“ಬರೆದೆ. ಪೆನ್ಸಿಲ್ಲಲ್ಲಿ. ಸಹಿ ಹಾಕಿದೆ.”

“ಆ ಹಾಳೆ ಏನಾಯ್ತು?”

ಅವನು ಮೇಜಿನ ಕೆಳಗೆ ಬಗ್ಗಿ ಸ್ಕ್ರೂ ಹುಡುಕತೊಡಗಿದ. ಅಲ್ಲಿಂದಲೇ ಹೇಳಿದ, “ಇಷ್ಟು ಸಾಕಲ್ವಾ? ಗುರುವಾರ ನಾನೇ ಬಂದು ಹೇಳ್ತೀನಿ, ಕೊಕ್ಕರೆ ಇದ್ವು, ನಾನು ಹಾಳೆ ಕಳ್ಕೊಂಡೆ, ಗಾಬರೀಲಿ ಸೊನ್ನೆ ಬರೆದು ಕೊಟ್ಟೆ ಅಂತ. ಬೈಸ್ಕೋತೀನಿ. ನಂಗೆ ಇನ್ನೂ ವಯಸ್ಸಿದೆ, ಬೇರೆ ಕೆಲಸ ಸಿಗುತ್ತೆ.”

“ಎದ್ದು ಕೂತ್ಕೊಂಡು ಮಾತಾಡು.”

ಎದ್ದು ಕೂತ.

“ಒಂದು ಸೊನ್ನೆ ಬರಿ,” ಎಂದು ಬ್ಲಾಗಾ ಅವನ ಮುಂದೆ ಕಾಗದ ತಳ್ಳಿದರು.

ಬರೆದ. ನಾನು ಕತ್ತು ಚಾಚಿ ನೋಡಿದೆ. ಸುತ್ತು ಪೂರ್ತಿ ಮುಗಿದು, ಮೇಲೆ ಇನ್ನರ್ಧ ಸುತ್ತು ಹೆಚ್ಚಾಗಿತ್ತು. ಇವನ ಕೈಯೂ ಅಲ್ಲ.

“ಸುಳ್ಳು ಹೇಳೋಕೂ ಅಭ್ಯಾಸ ಬೇಕು ಕಣೋ,” ಎಂದರು ಬ್ಲಾಗಾ. “ನಿಂಗದು ಬರಲ್ಲ. ನಾನು ಕಲಿಸಿಲ್ಲ. ಹಾಳೆ ಯಾರಿಗೆ ಕೊಟ್ಟೆ?”

“ದೊಡ್ಡಮ್ಮ, ನನ್ನ ಬಾಯಿಂದ ಹೇಳಿಸ್ಬೇಡಿ.”

“ಹೇಳೋ. ಗುರುವಾರ ಹೊಡೆದುಹಾಕೋದು ನನ್ನ ಹೆಸರನ್ನ, ನಿಂದಲ್ಲ. ಯಾರಿಗೆ ಕೊಟ್ಟೆ?”

ಮೊಮ್ಚಿಲ್ ನನ್ನ ಕಡೆ ನೋಡಿದ. ಸಿಟ್ಟಿನಿಂದಲ್ಲ, ಕ್ಷಮೆ ಕೇಳುವವನ ಹಾಗೆ.

“ಯಾನಾಕಿ ಅಣ್ಣಂಗೆ,” ಎಂದ.

ನನ್ನ ಪೆನ್ನು ನಿಂತಿತು. ಕುನಾ ನನ್ನ ಬಟ್ಟಲಿಗೆ ಇನ್ನೊಂದು ಸೌಟು ಸಾರು ಹಾಕಲು ಬಂದಿದ್ದವಳು ಸೌಟನ್ನು ಹಾಗೇ ಹಿಂದಕ್ಕೆ ಒಯ್ದಳು.

“ಬರಿ, ಯಾಕೆ ನಿಲ್ಲಿಸ್ದೆ?” ಎಂದರು ಬ್ಲಾಗಾ. ನನ್ನ ಮುಖ ನೋಡಲಿಲ್ಲ.

ನನ್ನ ಹೆಸರನ್ನು ನಾನೇ ಬರೆದೆ.

“ಆಮೇಲೆ?”

“ಆಮೇಲಿಂದು ಅಣ್ಣನ್ನೇ ಕೇಳಿ,” ಎಂದ ಮೊಮ್ಚಿಲ್. “ಅಷ್ಟು ದೊಡ್ಡ ಲೆಕ್ಕ ಡಬ್ಬಕ್ಕೆ ಹಾಕೋಕೆ ಮನಸ್ಸಾಗ್ಲಿಲ್ಲ. ಲಕೋಟೇಲಿಟ್ಟು ಅವತ್ತು ಸಂಜೇನೇ ಬುರ್ಗಾಸಿಗೆ ತಂದೆ. ಕಚೇರಿ ಮೆಟ್ಟಿಲ ಮೇಲೆ ಅಣ್ಣ ಸಿಕ್ಕಿದ್ರು. ಕೈಗೇ ಕೊಡಿ ಅಂತ ಹೇಳಿ ಕೊಟ್ಟೆ.”

ಸುಳ್ಳು ಎಂದು ಹೇಳಲು ಬಾಯಿ ತೆರೆದೆ. ಆದರೆ ಅದು ಸುಳ್ಳಲ್ಲ. ಮೂರು ತಿಂಗಳಿಂದ ತಲೆಯ ಯಾವ ಮೂಲೆಯಲ್ಲಿತ್ತೋ, ಈಗ ಕಣ್ಣೆದುರಿಗೆ ಬಂತು. ನನ್ನ ಕೈಯಲ್ಲಿ ಮೀನಿನ ಮುಳ್ಳಿನ ಬಕೆಟ್ಟು. ಕೆಸರು ಬೂಟಿನ ಮೊಮ್ಚಿಲ್, ಕಂದು ಬಣ್ಣದ ಲಕೋಟೆ. “ಇವತ್ತೇ ಓದ್ಬೇಕು ಅಣ್ಣ, ಕೈಗೇ ಕೊಡಿ.” ಒರೆಸಿಕೊಳ್ಳದ ಕೈಯಲ್ಲೇ ಅದನ್ನು ಹಿಡಿದು ಮೇಲೆ ಹೋಗಿದ್ದೆ. ಒಳಗೆ ಹಬ್ಬಕ್ಕೆ ಬಂದ ಇಪ್ಪತ್ತು ಜನ, ಹಾಡು, ನಗು. ತೋಳಿನ ತುಂಬ ಟುಲಿಪ್ ಹೂವಿನ ಗೊಂಚಲು ಅವಚಿಕೊಂಡ ಬ್ಲಾಗಾ. ಹೂವಿನ ಮೇಲೆ ಲಕೋಟೆ ಇಟ್ಟೆ. ಅವರು ಅದರ ಮೇಲಿನ ಹೆಸರು ಓದಿದರು. “ಮೊಮ್ಚಿಲ್‌ದಾ? ಆಯ್ತು,” ಎಂದು ಹೂವಿನ ಜೊತೆಗೇ ತಮ್ಮ ಕೋಣೆಗೆ ಒಯ್ದು ಬಾಗಿಲು ಮುಚ್ಚಿಕೊಂಡರು. ನನ್ನ ಬೆನ್ನ ಹಿಂದೆ, ಹೊರಬಾಗಿಲಲ್ಲಿ, ಮೀನಿನ ತಟ್ಟೆ ಹಿಡಿದು ಮೊಮ್ಚಿಲ್ ನಿಂತಿದ್ದ.

ಅವನು ನೋಡಿದ್ದ. ನೋಡಿದ್ದರಿಂದಲೇ ಇಷ್ಟು ದಿನ ಬಾಯಿ ಹೊಲಿದುಕೊಂಡಿದ್ದ.

“ಯಾನಾಕಿ,” ಎಂದರು ಬ್ಲಾಗಾ. “ಆ ಲಕೋಟೆ ಏನು ಮಾಡ್ದೆ?”

ಈ ಹೆಂಗಸಿನ ಅನ್ನ ಹನ್ನೊಂದು ವರ್ಷ ತಿಂದಿದ್ದೇನೆ. ನನ್ನ ಹೆಂಡತಿ ಆಸ್ಪತ್ರೆಯಲ್ಲಿದ್ದಾಗ ನಲವತ್ತು ದಿನ ನಮ್ಮ ಮನೆಯ ಅಡುಗೆ ಮಾಡಿದವರು. ನನ್ನ ಒಡಹುಟ್ಟಿದವರಿಗಿಂತ ಹೆಚ್ಚು.

“ಹಸಿರು ಡಬ್ಬಕ್ಕೆ ಹಾಕಿದೆ ಅನ್ಸುತ್ತೆ ಅಕ್ಕ.”

“ಅನ್ಸುತ್ತೆ ಅಂತ ನಾನು ಇದುವರೆಗೆ ಯಾವ ಹೇಳಿಕೇಲೂ ಬರೆಸಿಲ್ಲ. ಇವನು ಕೈಗೇ ಕೊಡಿ ಅಂದಿದಾನೆ. ಯಾರ ಕೈಗೆ ಕೊಟ್ಟೆ?”

ಮೊಮ್ಚಿಲ್ ತಲೆ ತಗ್ಗಿಸಿದ. ಬೇಡ ಎಂದು ಅವನು ಕಣ್ಣಿನಲ್ಲಿ ಬೇಡಿದ್ದು ನನಗೆ ಕಂಡಿತ್ತು. ಆದರೆ ಇನ್ನೊಂದು ಸುಳ್ಳು ನನ್ನ ನಾಲಿಗೆಗೆ ಬರಲಿಲ್ಲ.

“ನಿಮ್ಮ ಕೈಗೆ,” ಎಂದೆ.

ಬ್ಲಾಗಾರ ಮುಖದ ಬಣ್ಣ ಇಳಿಯಿತು. ಅವರು ನನ್ನನ್ನೇ ನೋಡಿದರು. ಆಕೆ ನೆನಪು ಮಾಡಿಕೊಳ್ಳುತ್ತಿದ್ದರೋ, ನೆನಪಿದ್ದದ್ದನ್ನು ಅಳೆದು ನೋಡುತ್ತಿದ್ದರೋ, ಹನ್ನೊಂದು ವರ್ಷ ಜೊತೆಗಿದ್ದ ನನಗೂ ತಿಳಿಯಲಿಲ್ಲ. ಸೊನ್ನೆ ಇಟ್ಟ ಕೈ ಯಾರದೋ, ನಿಜವಾದ ಹಾಳೆ ಕೊನೆಗೆ ಸೇರಿದ ಕೈ ಮಾತ್ರ ಅವರದೇ. ಆಮೇಲೆ ಕಾಗದವನ್ನು ನನ್ನ ಮುಂದಕ್ಕೆ ಸರಿಸಿ, ನಿಂತ ಪೆನ್ನನ್ನು ಬೆರಳಿನಿಂದ ತಟ್ಟಿದರು.

“ಬರಿ,” ಎಂದರು.

ನಾನು ‘ಬ್ಲಾಗಾ’ ಎಂದಷ್ಟೇ ಬರೆದು ಪೆನ್ನು ಎತ್ತಿದೆ.

“ಅಪ್ಪನ ಹೆಸರು, ಮನೆತನದ ಹೆಸರು ಎಲ್ಲಾ ಸೇರಿಸಿ ಬರಿ ಯಾನಾಕಿ. ಗುರುವಾರ ಇದನ್ನ ಓದೋರಿಗೆ ಯಾವ ಬ್ಲಾಗಾ ಅಂತ ಅನುಮಾನ ಬರಬಾರ್ದು.”